ಕಣದ ಮೇಲೊಂದು ಸ್ಪ್ಲಾಶ್ ಪ್ಯಾಡ್

ಮೊನ್ನೆ ಸೋಮವಾರಪೇಟೆಯಲ್ಲಿ ಒಂದು ಮದುವೆ. ತಡವಾಗಿ ಹೋದವರಿಗೆ ಸಿಗುವ ಹಿಂದಿನ ಸಾಲಿನ ಕುರ್ಚಿಯೇ ನನಗೂ ಸಿಕ್ಕಿತು. ಹುಡುಗಿ ಯಾವ ಬಣ್ಣದ ಸೀರೆ ಉಟ್ಟಿದ್ದಾಳೆಂದು ನೋಡಲು ಕನ್ನಡಕ ಬೇಕಲ್ಲ, ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದೆ. ಹೊರಗೆ ಬಂದದ್ದು ಹಸಿರು ರಬ್ಬರಿನ, ಕಪ್ಪೆಯ ಮುಖವಿದ್ದ, ನಾಲ್ಕು ವರ್ಷದ ಮಗುವಿನ ಸ್ವಿಮ್ಮಿಂಗ್ ಗಾಗಲ್ಸ್. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನೂ ನೋಡಿದರು, ನನ್ನ ನರೆತ ತಲೆಯನ್ನೂ ನೋಡಿದರು.

"ಈಜಕ್ಕೆ ಹೋಯ್ತೀರಾ ಅಜ್ಜಿ?"

"ಇಲ್ಲಮ್ಮ, ಮಳೆಗೆ ರೆಡಿಯಾಗ್ತಿದೀನಿ," ಅಂದೆ.

ಅವರು ಮೆಲ್ಲಗೆ ಒಂದು ಕುರ್ಚಿ ಆಚೆ ಸರಿದು ಕೂತರು. ಅವರ ತಪ್ಪಲ್ಲ. ನಾನು ಹೇಳಿದ್ದು ಮಾತ್ರ ಪೂರ್ತಿ ನಿಜ. ಈ ಬೇಸಿಗೆಯೆಲ್ಲ ನಾನು ಮಾಡಿದ್ದು ಅದೊಂದೇ ಕೆಲಸ.

ಆ ಗಾಗಲ್ಸ್ ನನ್ನ ಮೊಮ್ಮಗಳು ಪುಟ್ಟಿಯದು. ಅಳಿಯ ಮಿಲಿಟರಿಯಲ್ಲಿ, ಮಗಳು ಶುಭಾ ಸೋಮವಾರಪೇಟೆಯಲ್ಲಿ ಟೀಚರ್. ಹಾಗಾಗಿ ಶುಭಾ, ಅವಳ ಮಗ ಎಂಟು ವರ್ಷದ ಧ್ರುವ, ಪುಟ್ಟಿ ಮೂವರೂ ಮಾದಾಪುರದ ಹತ್ತಿರ ನಮ್ಮ ಎಸ್ಟೇಟಿನಲ್ಲೇ ಇರುತ್ತಾರೆ. ಹೋದ ದೀಪಾವಳಿಯ ಹೊತ್ತಿಗೆ ಪುಟ್ಟಿ ನಮ್ಮ ತೋಟದ ಕೆರೆಯ ಮೆಟ್ಟಿಲಿನಲ್ಲಿ ಜಾರಿದಳು. ಶುಭಾ ಪಕ್ಕದಲ್ಲೇ ಇದ್ದಳು, ಜಡೆ ಹಿಡಿದು ಎಳೆದುಕೊಂಡಳು. ಎರಡು ಸಲ ಕೆಮ್ಮಿ ಮಗು ಸರಿಹೋಯಿತು. ನಾವೆಲ್ಲ ದೇವರಿಗೆ ಕೈ ಮುಗಿದು ಆ ವಿಷಯ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಅವತ್ತಿನಿಂದ ತಲೆಗೆ ನೀರು ಅಂದರೆ ಆ ಮಗು ಮರಗಟ್ಟಿ ನಿಲ್ಲುತ್ತಿತ್ತು. ಎಣ್ಣೆ ಸ್ನಾನದ ದಿನ ಅವಳ ಕೂಗು ಪಕ್ಕದ ಎಸ್ಟೇಟಿನ ಆಳುಗಳ ಲೈನು ಮನೆಗಳಿಗೆ ಕೇಳಿ, ಅಲ್ಲಿಂದ ಯಾರೋ ಓಡಿ ಬಂದದ್ದೂ ಉಂಟು. ಮಾರ್ಚಿನಲ್ಲಿ ಮೊದಲ ಮಳೆ ನಾಲ್ಕು ಹನಿ ಬಿತ್ತು. ಎಲ್ಲರೂ ಖುಷಿಯಿಂದ ಜಗಲಿಗೆ ಬಂದು ಮಣ್ಣಿನ ವಾಸನೆ ಕುಡಿಯುತ್ತಿದ್ದರೆ ಪುಟ್ಟಿ ಎಲ್ಲೂ ಇಲ್ಲ. ಹುಡುಕಿದರೆ ನನ್ನ ಮಂಚದ ಕೆಳಗೆ, ಟ್ರಂಕುಗಳ ಸಂದಿಯಲ್ಲಿ ಮುದುಡಿಕೊಂಡು ಉಸಿರಿಗಾಗಿ ಒದ್ದಾಡುತ್ತಿತ್ತು ಮಗು. ನನ್ನ ಕೈ ಹಿಡಿದುಕೊಂಡ ಆ ಬೆರಳುಗಳ ತಣುಪು ಇವತ್ತಿಗೂ ನನ್ನ ಅಂಗೈಯಲ್ಲಿದೆ.

ನೀವೇ ಹೇಳಿ, ಮರುಭೂಮಿಯಲ್ಲಿ ಹುಟ್ಟಿದ್ದರೆ ಪರವಾಗಿಲ್ಲ. ಕೊಡಗಿನಲ್ಲಿ ಹುಟ್ಟಿ ಮಳೆಗೆ ಹೆದರಿದರೆ ಬದುಕುವುದು ಹೇಗೆ? ಜೂನ್ ಬಂದರೆ ಸ್ಕೂಲು. ಗೇಟಿನವರೆಗೆ ನಡೆದು ಹೋಗಿ ವ್ಯಾನು ಹತ್ತಬೇಕು. ಜೂನಿನಿಂದ ದಸರೆಯವರೆಗೆ ಮಗು ಮಂಚದ ಕೆಳಗೇ ಇರುವುದಕ್ಕಾಗುತ್ತದೆಯೇ? ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸೋಣ ಎಂದಳು ಶುಭಾ. ತೋರಿಸೋಣ, ಆದರೆ ಮೊದಲು ನನಗೆ ಈ ಬೇಸಿಗೆ ರಜೆಯಷ್ಟು ಸಮಯ ಕೊಡು ಎಂದೆ. ಜೂನ್ ಒಳಗೆ ಇವಳ ತಲೆಯ ಮೇಲೆ, ಇವಳ ಒಪ್ಪಿಗೆಯಿಂದ, ನೀರು ಬೀಳಬೇಕು. ನನ್ನ ಡಿಟರ್ಮಿನೇಷನ್ ಬಗ್ಗೆ ನಮ್ಮ ಮನೆಯವರನ್ನು ಕೇಳಿ. ಮದುವೆಯಾದ ಹೊಸದರಲ್ಲಿ ಅದನ್ನು ವಿಲ್ ಪವರ್ ಎನ್ನುತ್ತಿದ್ದರು, ಈಗ ಹಟ ಎನ್ನುತ್ತಾರೆ.

ಐಡಿಯಾ ಕೊಟ್ಟವನು ಧ್ರುವ. "ಅಜ್ಜಿ, ಕುಶಾಲನಗರದ ಹತ್ರ ರೆಸಾರ್ಟಲ್ಲಿ ಸ್ಪ್ಲಾಶ್ ಪ್ಯಾಡ್ ಐತಂತೆ. ನೆಲದಿಂದ ನೀರು ಚಿಮ್ತದಂತೆ. ಮುಳುಗಕ್ಕೆ ನೀರೇ ಇರಲ್ಲ!" ಮುಳುಗಲು ನೀರಿಲ್ಲ ಎನ್ನುವ ಮಾತು ನನಗೆ ಬಹಳ ಹಿಡಿಸಿತು. ಅರ್ಧ ವರ್ಷ ಆಕಾಶದಿಂದ ಸುರಿಯುವ ನೀರಿಗೆ ಛತ್ರಿ ಹಿಡಿದು ಬೈಯುವ ನಾವು, ಉಳಿದರ್ಧ ವರ್ಷ ಅದೇ ನೀರು ನೆಲದಿಂದ ಮೇಲಕ್ಕೆ ಬರುವುದನ್ನು ನೋಡಲು ಟಿಕೆಟ್ ತೆಗೆದುಕೊಳ್ಳುತ್ತೇವೆ! ಇರಲಿ. ನಮ್ಮ ಹಳೇ ಮಾರುತಿ ಕಾರು ಇನ್ನೂ ನನ್ನ ಮಾತು ಕೇಳುತ್ತದೆ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೊರಟೆ.

ರೆಸಾರ್ಟಿನ ಬಾಗಿಲಲ್ಲಿ ಟೀ ಶರ್ಟ್ ಹಾಕಿಕೊಂಡ ಒಬ್ಬ ಹುಡುಗಿ ತಡೆದಳು. "ಅಜ್ಜಿ, ಕಾಟನ್ ಹಾಕ್ಕಂಡೋರ್ನ ಒಳಗೆ ಬಿಡೋ ಹಂಗಿಲ್ಲ. ನೈಲಾನ್ ಕಾಸ್ಟ್ಯೂಮೇ ಆಗ್ಬೇಕು."

"ಇದು ನೈಲೆಕ್ಸ್ ಸೀರೆ ಕಣಮ್ಮ. ನೀನು ಹುಟ್ಟೋಕೆ ಮುಂಚೆ ತಗೊಂಡಿದ್ದು. ಇದಕ್ಕಿಂತ ನೈಲಾನ್ ಎಲ್ಲಿ ಸಿಗುತ್ತೆ?"

ಅವಳು ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನಿಜವೇ. ಸೂಪರ್‌ವೈಸರಿಗೆ ಫೋನ್ ಮಾಡಿ, "ಸಾರ್, ಅಜ್ಜಿ ಸೀರೆ ಪಾಸಾಯ್ತು," ಅಂದಳು.

ಸೀರೆಯನ್ನು ಸ್ವಲ್ಪ ಮೇಲೆತ್ತಿ ಸಿಕ್ಕಿಸಿ, ವಾಕಿಂಗ್ ಶೂಸ್ ಬಿಚ್ಚಿಟ್ಟು ನಾನು ಒಳಗೆ ಇಳಿದೆ. ನೀಲಿ ನೆಲ, ಹಳದಿ ಅಣಬೆಗಳು, ಮೇಲೆ ತುಂಬಿ ತುಂಬಿ ತಲೆಕೆಳಗಾಗುವ ದೊಡ್ಡ ಬಕೆಟ್. ಧ್ರುವ ಮಾಯವಾದ. ಪುಟ್ಟಿ ಕಪ್ಪೆ ಗಾಗಲ್ಸ್ ಹಾಕಿಕೊಂಡು ನನ್ನ ಕೈ ಹಿಡಿದು ನಿಂತಳು. ನೆಲ ಒಣಗಿತ್ತು. ಒಂದು ಹೆಜ್ಜೆ ಇಟ್ಟಳು. ಮತ್ತೊಂದು ಹೆಜ್ಜೆ. "ಗುಡ್ ಗರ್ಲ್! ಕರೇಜ್, ಪುಟ್ಟಿ!" ಅಂದೆ. ಆ ಕ್ಷಣಕ್ಕೇ ಅವಳ ಎರಡು ಕಾಲುಗಳ ನಡುವಿನಿಂದ ನೀರು ಬುಸ್ಸೆಂದು ಎದ್ದು ಮುಖಕ್ಕೆ ಹೊಡೆಯಿತು. ಬೆಕ್ಕು ಮರ ಹತ್ತುವ ಹಾಗೆ ಮಗು ನನ್ನ ಮೈ ಹತ್ತಿತು. ಅದರ ಕಿರುಚಾಟಕ್ಕೆ ಮೈಸೂರಿನಿಂದ ಬಂದಿದ್ದ ಟೂರಿಸ್ಟುಗಳೆಲ್ಲ ತಮ್ಮ ಮಕ್ಕಳನ್ನು ಎತ್ತಿಕೊಂಡರು.

'ಕರೇಜ್' ಎನ್ನುವ ಪದ ನನ್ನದಲ್ಲ, ಕಾನ್ವೆಂಟಿನದು. ನಾನು ಓದಿದ್ದು ಬೋರ್ಡಿಂಗಿನಲ್ಲಿ. ಅಲ್ಲಿ ಸ್ನಾನಕ್ಕೂ ಬೆಲ್ಲು. ಮೊದಲ ಬೆಲ್ಲಿಗೆ ನೆನೆಯಬೇಕು, ಎರಡನೆಯದಕ್ಕೆ ಸೋಪು, ಮೂರನೆಯದಕ್ಕೆ ತೊಳೆದುಕೊಳ್ಳಬೇಕು. ಅಷ್ಟರೊಳಗೆ ಸೋಪು ಹೋಗದಿದ್ದರೆ ಅದು ಮುಂದಿನ ಸ್ನಾನದವರೆಗೆ ಮೈಮೇಲೇ ಇರುತ್ತಿತ್ತು. ಸ್ನಾನ ಮಾಡುವುದೂ ಪಾದದವರೆಗಿನ ಒಳ ಅಂಗಿ, ಷಿಮೀಸು, ತೊಟ್ಟುಕೊಂಡೇ. "ನಿಮ್ಮ ಮೈಯನ್ನು ದೇವರು ನೋಡಿದ್ದಾನೆ, ನೀವು ನೋಡಬೇಕಾಗಿಲ್ಲ," ಎನ್ನುತ್ತಿದ್ದರು ನಮ್ಮ ಮದರ್ ಸುಪೀರಿಯರ್. ಡಿಸೆಂಬರಿನ ತಣ್ಣೀರಿಗೆ ನಾವು ನಡುಗಿದರೆ "ಕರೇಜ್, ಗರ್ಲ್ಸ್!" ಎಂದು ಚಪ್ಪಾಳೆ ತಟ್ಟುತ್ತಿದ್ದರು. ನಮಗೆ ಕರೇಜ್ ಬಂತೋ ಇಲ್ಲವೋ, ನೆಗಡಿಯಂತೂ ಬಂತು. ಅದೇ ಪದವನ್ನು ಇಷ್ಟು ವರ್ಷ ಜೋಪಾನವಾಗಿಟ್ಟು ಮೊಮ್ಮಗಳ ಮೇಲೆ ಪ್ರಯೋಗ ಮಾಡಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

ಸೋತೆನೆಂದು ಬಿಡುವವಳಲ್ಲ ನಾನು. ಬೋರ್ಡಿಂಗಿನ ಗೆಳತಿ ಪೊನ್ನಮ್ಮ ವಿರಾಜಪೇಟೆಯ ಹತ್ತಿರ ಹೋಮ್‌ಸ್ಟೇ ನಡೆಸುತ್ತಾಳೆ. ಅಲ್ಲೂ ಒಂದು ಸಣ್ಣ ಸ್ಪ್ಲಾಶ್ ಪ್ಯಾಡ್ ಮಾಡಿಸಿದ್ದಾಳೆ, ನೀರು ಹೆಚ್ಚು ಕಡಿಮೆ ಮಾಡಲು ತಿರುಗಣೆ ಬೇರೆ ಇದೆ ಎಂದು ಗೊತ್ತಾಯಿತು. ಮುಂದಿನ ವಾರ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಮಾರುತಿಯನ್ನು ಆ ಕಡೆ ಓಡಿಸಿದೆ. ದಾರಿಯಲ್ಲಿ ಪುಟ್ಟಿ ಒಂದು ಷರತ್ತು ಹಾಕಿದಳು: ರೈನ್‌ಕೋಟ್ ಹಾಕಿಕೊಂಡು ಮಾತ್ರ ಇಳಿಯುತ್ತೇನೆ. ಆಗಲಿ ಎಂದೆ. ಸುಡುವ ಬಿಸಿಲಿನಲ್ಲಿ ತಲೆಯಿಂದ ಮೊಣಕಾಲಿನವರೆಗೆ ಗುಂಡಿ ಹಾಕಿದ ಹಳದಿ ರೈನ್‌ಕೋಟ್, ಗಮ್‌ಬೂಟ್, ಗಾಗಲ್ಸ್, ಕೈಯಲ್ಲಿ ಛತ್ರಿ. ಪೊನ್ನಮ್ಮ ನೋಡಿ ಸೊಂಟ ಹಿಡಿದುಕೊಂಡು ನಕ್ಕಳು.

"ಅಯ್ಯೋ ಮಾರಾಯ್ತಿ, ಇದು ನಿನ್ನ ಮೊಮ್ಮಗಳೋ, ಫೈರ್ ಬ್ರಿಗೇಡೋ?"

"ನಗಬೇಡ ಪೊನ್ನು. ತಿರುಗಣೆ ಸಣ್ಣಕ್ಕೆ ಇಡು. ವೆರಿ ವೆರಿ ಸಣ್ಣಕ್ಕೆ."

ಸಣ್ಣಕ್ಕೇ ಇಟ್ಟಳು. ನೀರು ಹೆಬ್ಬೆರಳಿನಷ್ಟು ಎತ್ತರಕ್ಕೆ ಬಂತು. ಪುಟ್ಟಿ ಛತ್ರಿಯ ಅಡಿಯಲ್ಲಿ ನಿಂತು ಅದನ್ನೇ ನೋಡಿದಳು. ನಾವಿಬ್ಬರು ಮುದುಕಿಯರು ಉಸಿರು ಬಿಗಿಹಿಡಿದು ನಿಂತೆವು. ಅಷ್ಟರಲ್ಲಿ ಮೇಲಿನ ಟ್ಯಾಂಕ್ ತುಂಬಿತೋ, ಪೈಪಿನಲ್ಲಿ ಗಾಳಿ ಸೇರಿತ್ತೋ, ಎಲ್ಲ ತೂತುಗಳೂ ಒಮ್ಮೆಗೇ ಸೀನಿದವು. ಛತ್ರಿ ಒಂದು ಕಡೆ, ಗಮ್‌ಬೂಟ್ ಒಂದು ಕಡೆ. ಪುಟ್ಟಿ ಕಾರಿನೊಳಗೆ ಸೇರಿ ಗಾಜು ಏರಿಸಿಕೊಂಡು ಕೂತಳು.

"ಬಿಡೇ," ಅಂದಳು ಪೊನ್ನಮ್ಮ, ಈಗ ನಗದೆ. "ದೊಡ್ಡವಳಾದಾಗ ತಾನೇ ಸರಿಹೋಗ್ತದೆ. ನಿಂಗ್ಯಾಕೆ ಇಷ್ಟು ಅರ್ಜೆಂಟು?"

ಅರ್ಜೆಂಟು ನನಗಲ್ಲ, ಜೂನಿಗೆ. ಆದರೂ ಹಿಂದಿರುಗುವಾಗ ನನ್ನ ಮನಸ್ಸು ಕೊಂಚ ಕುಗ್ಗಿತ್ತೆಂದು ಒಪ್ಪಿಕೊಳ್ಳಬೇಕು. ಮಡಿಕೇರಿ ದಾಟಿದ ಮೇಲೆ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

"ಅಜ್ಜಿ, ನೀರು ಕೆಟ್ಟದ್ದಲ್ಲ."

"ಹೌದು ಮರಿ. ಮತ್ತೆ?"

"ಅದು ಹೇಳ್ದೆ ಬತ್ತದೆ. ಹೇಳ್ಬುಟ್ಟು ಬರ್ಬೇಕು."

ಧ್ರುವ ಕಿಸಕ್ಕನೆ ನಕ್ಕ. ನಾನು ನಗಲಿಲ್ಲ. ಕಾರನ್ನು ಬದಿಗೆ ನಿಲ್ಲಿಸಿದೆ. ಇಷ್ಟು ದಿನ ನಾನು ಮಗುವಿಗೆ ಧೈರ್ಯ ಇಲ್ಲ ಎಂದುಕೊಂಡಿದ್ದೆ. ಮಗು ನೋಡಿದರೆ ನೀರಿಗೇ ಮ್ಯಾನರ್ಸ್ ಇಲ್ಲ ಎನ್ನುತ್ತಿದೆ.

ಹೇಳಿ ಬರುವ ನೀರನ್ನು ಎಲ್ಲಿಂದ ತರಲಿ? ಎರಡು ದಿನ ಅದೇ ಯೋಚನೆ. ಮೂರನೆಯ ದಿನ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಕೆಳಗಿನ ರೋಬಸ್ಟಾ ಕಾಫಿ ಬ್ಲಾಕಿನಲ್ಲಿ ಸ್ಪ್ರಿಂಕ್ಲರ್ ಓಡುತ್ತಿತ್ತು. ಹೂವಾದ ಮೇಲೆ ಮಳೆ ಕೈಕೊಟ್ಟರೆ ಕಾಯಿ ನಿಲ್ಲಲೆಂದು ಕೆರೆಯಿಂದ ಹೊಡೆಯುವ ನೀರು. ಟಕ್ ಟಕ್ ಟಕ್ ಎಂದು ತನ್ನ ತಲೆಯನ್ನು ತಾನೇ ತಟ್ಟಿಕೊಳ್ಳುತ್ತಾ ಸುತ್ತುತ್ತದೆ. ನಮಗೆಲ್ಲ ಆ ಸದ್ದು ಗಡಿಯಾರದ ಸದ್ದಿನ ಹಾಗೆ, ಕೇಳಿಸುವುದೇ ಇಲ್ಲ. ಅವತ್ತು ಕೇಳಿಸಿತು. ದೂರ ಹೋಗುವಾಗ ಮೆತ್ತಗೆ, ಈ ಕಡೆ ತಿರುಗುವಾಗ ಜೋರಾಗಿ. ಲೋಟ ಕೆಳಗಿಟ್ಟೆ. ಇದು ಹೇಳಿ ಬರುವ ನೀರಲ್ಲದೆ ಮತ್ತೇನು!

ಜೊತೆಗೇ ಎಷ್ಟೋ ವರ್ಷಗಳ ಹಿಂದಿನದೊಂದು ಬೇಸಿಗೆ ಎದ್ದು ಬಂತು. ನಮ್ಮ ತಂದೆಯ ತೋಟಕ್ಕೆ ಮೊದಲ ಸಲ ಸ್ಪ್ರಿಂಕ್ಲರ್ ತಂದಾಗ ನಾವು ಮಕ್ಕಳು ಕಂಡುಹಿಡಿದ ಆಟ. ನೀರಿನ ಬೆನ್ನ ಹಿಂದೆ ನಡೆಯುವುದು. ಪೈಪು ಬದಲಿಸುವ ಆಳುಗಳು ನಡೆಯುವುದೂ ಹಾಗೆಯೇ, ಧಾರೆಯ ಮುಂದೆ ಅಲ್ಲ, ಹಿಂದೆ. ಅದು ಸುತ್ತಿದಂತೆ ನಾವೂ ಸುತ್ತಿದರೆ ಒಂದು ಹನಿಯೂ ಮೈಗೆ ತಾಗದು. ನಿಂತೆವೋ, ಅದು ಒಂದು ಸುತ್ತು ಹಾಕಿ ಬಂದು ಹಿಡಿಯುತ್ತದೆ. ಬೋರ್ಡಿಂಗಿನಿಂದ ರಜೆಗೆ ಬಂದ ನನಗೆ, ಬೆಲ್ಲಿಲ್ಲದೆ ಷಿಮೀಸಿಲ್ಲದೆ ನೆನೆಯಬಹುದು ಎಂದು ಗೊತ್ತಾದದ್ದೇ ಆಗ. ಆ ಫ್ರಾಕು, ಕಾಫಿ ಹೂವಿನ ವಾಸನೆ, ನಮ್ಮನ್ನು ನೋಡಿಯೂ ನೋಡದ ಹಾಗೆ ತಂದೆ ಅತ್ತ ತಿರುಗಿ ಸಿಗರೇಟು ಹಚ್ಚಿದ್ದು. ಇದೆಲ್ಲ ಎಲ್ಲಿತ್ತು ಇಷ್ಟು ದಿನ?

ಗಿಡಗಳ ಮಧ್ಯೆ ಮಗುವನ್ನು ಬಿಡುವಂತಿಲ್ಲ, ಹಾವು ಹುಳ. ಬಯಲು ಬೇಕು. ನಮ್ಮಲ್ಲಿ ಬಯಲು ಎಂದರೆ ಕಾಫಿ, ಕಾಳುಮೆಣಸು ಒಣಗಿಸುವ ಸಿಮೆಂಟಿನ ಕಣ ಒಂದೇ. ಕಣದ ತುಂಬ ಒಳ್ಳೆಮೆಣಸು ಒಣಗುತ್ತಿತ್ತು. ಒಣಗುವ ಮೆಣಸಿನ ಕಣಕ್ಕೆ ನೀರು ಹಾಯಿಸುವುದೆಂದರೆ ಪ್ಲಾಂಟರ ಮನೆಯಲ್ಲಿ ಅದು ದೇವರಮನೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. ಅದೃಷ್ಟಕ್ಕೆ ನಮ್ಮ ಮನೆಯವರು ಬೆಳೆಗಾರರ ಮೀಟಿಂಗ್ ಎಂದು ಸೋಮವಾರಪೇಟೆಗೆ ಹೋಗಿದ್ದರು. ಮೋಟಾರ್ ನೋಡಿಕೊಳ್ಳುವ ಶಿವಣ್ಣನನ್ನು ಕರೆದೆ.

"ಶಿವಣ್ಣ, ಮೆಣಸು ಗುಡ್ಡೆ ಮಾಡಿ ಟಾರ್ಪಾಲು ಮುಚ್ಚು. ನರ್ಸರಿಯ ಸಣ್ಣ ಸ್ಪ್ರಿಂಕ್ಲರ್ ತಂದು ಕಣದ ಮಧ್ಯೆ ನಿಲ್ಲಿಸು."

ಶಿವಣ್ಣ ಆಕಾಶ ನೋಡಿದ, ಮೆಣಸು ನೋಡಿದ, ನನ್ನನ್ನು ನೋಡಿದ. "ಅಮ್ಮಾವ್ರೆ, ಸಿಮೆಂಟು ಚಿಗುರಲ್ಲ."

"ಅದು ನಂಗೂ ಗೊತ್ತು. ನಿಲ್ಸು."

"ಸಾಹೇಬ್ರು ಕೇಳುದ್ರೆ?"

"ನಾನು ಹೇಳ್ದೆ ಅಂತ ಹೇಳು."

"ಅದನ್ನ ಹೇಳುದ್ರೆ ಇನ್ನೇನೂ ಕೇಳಾಕಿಲ್ಲ ಬಿಡಿ," ಎನ್ನುತ್ತಾ ಹೋದ.

ಸ್ಪ್ರಿಂಕ್ಲರ್ ಟಕ್ ಟಕ್ ಎಂದು ಹೊರಟಿತು. ಪುಟ್ಟಿ ಜಗಲಿಯ ಕಂಬ ತಬ್ಬಿಕೊಂಡು ನೋಡಿದಳು. ನಾನು ಕರೆಯಲಿಲ್ಲ. ಧ್ರುವನಿಗೂ ಅವಳನ್ನು ಕರೆಯಬೇಡ ಎಂದೆ. ನಾನೊಬ್ಬಳೇ ಧಾರೆಯ ಹಿಂದೆ ಸುತ್ತತೊಡಗಿದೆ. ಮೊಣಕಾಲು ನೋವಿನ ಮುದುಕಿ, ಒಂದು ಕೈಯಲ್ಲಿ ಸೀರೆಯ ನೆರಿಗೆ, ನೀರಿನ ಹಿಂದೆ ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ. ಬಹಳ ಹೊತ್ತು ಸುತ್ತಿದೆ. ತಲೆ ತಿರುಗಿತು. ಆಗ ಸೆರಗು ಬಿಗಿಯಾಯಿತು. ಹಿಂದೆ ನೋಡಿದರೆ ಪುಟ್ಟಿ, ಸೆರಗಿನ ಚುಂಗು ಹಿಡಿದು ನನ್ನ ಹಿಂದೆ.

"ಎಲ್ಲಿದೆ ನೀರು?" ಎಂದೆ.

"ನಮ್ ಮುಂದೆ."

"ನಿಂತ್ರೆ?"

"ಆಚೆಯಿಂದ ಬತ್ತದೆ. ಬೇಡ, ನಿಲ್ಬೇಡ!"

ನಿಲ್ಲಲಿಲ್ಲ. ಸುತ್ತಿದೆವು, ಸುತ್ತಿದೆವು. ಅವಳ ಕಿವಿ ಸದ್ದಿನ ಮೇಲಿತ್ತು. ಎಷ್ಟನೆಯದೋ ಸುತ್ತಿನಲ್ಲಿ ನಿಂತವಳು ಅವಳೇ. ನನ್ನನ್ನು ತಳ್ಳಿ, "ನೀ ಹೋಗು," ಎಂದಳು. ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, ಬೆನ್ನು ತಿರುಗಿಸಿ, ಹಲ್ಲು ಕಚ್ಚಿ ಕಾದಳು. ಟಕ್ ಟಕ್ ಬಂತು, ಬೆನ್ನಿಗೆ ಹೊಡೆಯಿತು, ಹೋಯಿತು. ಕಿರುಚಿದಳು. ಹೆದರಿಕೆಯ ಕಿರುಚಾಟ ಬೇರೆ, ಇದು ಬೇರೆ. ತಾಯಂದಿರಿಗೆ, ಅಜ್ಜಿಯರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ಸಂಜೆ ನಮ್ಮ ಮನೆಯವರು ಜೀಪಿನಿಂದ ಇಳಿದವರೇ ಒದ್ದೆ ಕಣ ನೋಡಿ ನಿಂತುಬಿಟ್ಟರು. ಮರುಕ್ಷಣ ಕಣದ ಮೂಲೆಯಲ್ಲಿ ಕಂಬದ ಮೇಲಿರುವ ರೇನ್ ಗೇಜಿನ ಕಡೆ ಓಡಿದರು. ಕೊಡಗಿನ ಪ್ಲಾಂಟರಿಗೆ ಮಳೆ ಬಿದ್ದರೆ ಸಾಲದು, ಇಂಚಿನ ನೂರನೇ ಪಾಲಿನ ಲೆಕ್ಕದಲ್ಲಿ ಎಷ್ಟು ಸೆಂಟು ಬಿತ್ತೆಂದು ಅಳೆದು, ತನಗಿಂತ ಕಡಿಮೆ ಬಿದ್ದವನಿಗೆ ಫೋನ್ ಮಾಡಿ ಹೇಳಿದರೇ ಸಮಾಧಾನ. ನಾನು ಬಾಯಿ ತೆರೆಯುವುದರೊಳಗೆ ಫೋನು ಕಿವಿಯಲ್ಲಿತ್ತು.

"ಇಪ್ಪತ್ತೆರಡು ಸೆಂಟು ಕಣಯ್ಯ! ಹೂಂ, ನಮ್ಮಲ್ಲೇ! ನಿಮ್ ಕಡೆ ಒಂದ್ ಹನೀನೂ ಇಲ್ವಾ? ಛೆ ಛೆ, ಪಾಪ." ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಮೆಣಸು ಮುಚ್ಚಿದ್ದೀಯಲ್ಲೇ! ಮಳೆ ಬತ್ತದೆ ಅಂತ ಹೆಂಗ್ ಗೊತ್ತಾಯ್ತು ನಿಂಗೆ? ಭೇಷ್!"

ಈ ಮನುಷ್ಯ ನನ್ನನ್ನು ಭೇಷ್ ಎಂದು ಎಷ್ಟು ವರ್ಷವಾಗಿತ್ತೋ. ಸ್ವಲ್ಪ ಹೊತ್ತು ಅದನ್ನು ಅನುಭವಿಸೋಣ ಎಂದುಕೊಂಡೆ. ಅಷ್ಟರಲ್ಲಿ ಪುಟ್ಟಿ ಬಂದು ಅವರ ಪ್ಯಾಂಟು ಎಳೆದಳು.

"ತಾತ, ಅದು ಮಳೆ ಅಲ್ಲ. ನಾನು."

ಅವರು ಟಾರ್ಪಾಲು ನೋಡಿದರು. ಮೂಲೆಯಲ್ಲಿದ್ದ ಸ್ಪ್ರಿಂಕ್ಲರ್ ನೋಡಿದರು. ಬಡಿದುಕೊಳ್ಳಲು ಎತ್ತಿದ ಕೈ ಹಣೆಯ ಹತ್ತಿರವೇ ನಿಂತಿತು. ಮಗುವಿನ ಜಡೆಯ ತುದಿ ಇನ್ನೂ ಒದ್ದೆಯಿತ್ತು, ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಫೋನಿನಲ್ಲಿ ಆ ಕಡೆಯವರು ಇನ್ನೂ ಹಲೋ ಹಲೋ ಎನ್ನುತ್ತಲೇ ಇದ್ದರು. ಇವರು ಫೋನನ್ನು ಮತ್ತೆ ಕಿವಿಗಿಟ್ಟು, "ಹೂಂ ಕಣಯ್ಯ. ನಮ್ ಕಣಕ್ ಮಾತ್ರ ಬಂತು. ಒಳ್ಳೇ ಮಳೆ," ಎಂದರು.

ಆದರೂ ತಲೆ ನೆನೆದಿರಲಿಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಮೇಲಿನ ದಿನಗಳಲ್ಲಿ ಕೆರೆಯ ನೀರು ಇಳಿದು ಮೋಟಾರ್ ನಿಂತಿತು. ಆಟವೂ ನಿಂತಿತು.

ಹೋದ ವಾರ ಮಧ್ಯಾಹ್ನ ಆಕಾಶ ಕಪ್ಪಗಾಯಿತು. ಈ ಸಲ ನಿಜವಾದದ್ದೇ. ಎದುರಿನ ಗುಡ್ಡದ ಮೇಲೆ, ಸಿಲ್ವರ್ ಓಕ್ ಮರಗಳ ಎಲೆಯ ಮೇಲೆ ಮಳೆ ಹೊಯ್ಯುವ ಸದ್ದು ಮೊದಲು ಬಂತು. ನಾನು ನನ್ನ ಕೋಣೆಗೆ ಓಡಿ ಮಂಚದ ಕೆಳಗೆ ಬಗ್ಗಿ ನೋಡಿದೆ. ಇರಲಿಲ್ಲ. ಪುಟ್ಟಿ ಜಗಲಿಯಲ್ಲಿದ್ದಳು. ಕಂಬ ತಬ್ಬಿಕೊಂಡು, ಮುಖ ಬಿಳುಚಿಕೊಂಡು, ಗುಡ್ಡದ ಕಡೆ ಕಿವಿಗೊಟ್ಟಿದ್ದಳು. ಮಳೆ ಗುಡ್ಡ ಇಳಿಯಿತು, ತೋಟ ದಾಟಿತು, ಕಣಕ್ಕೆ ಬಂತು, ನಮ್ಮ ಜಗಲಿಯ ಮಾಡಿನ ಶೀಟಿನ ಮೇಲೆ ಬಿತ್ತು.

"ಅಜ್ಜಿ, ನೀನು ಮೊದ್ಲು ಹೋಗು."

ಹೋದೆ. ಚಪ್ಪಲಿ ಇಲ್ಲ, ಛತ್ರಿ ಇಲ್ಲ. ಈ ವಯಸ್ಸಿನಲ್ಲಿ ಅಂಗಳದ ಮಧ್ಯೆ ಸುಮ್ಮನೆ ನಿಂತು ನೆನೆದವರನ್ನು ನೀವು ನೋಡಿದ್ದೀರೋ ಇಲ್ಲವೋ. ಮೊದಲ ನಾಲ್ಕು ಹನಿಗೆ ಜೀವ ಜುಂ ಎನ್ನುತ್ತದೆ. ಒಳಗಿನಿಂದ ನಮ್ಮ ಮನೆಯವರು, "ನ್ಯುಮೋನಿಯಾ ಆದ್ರೆ ನಾನು ನೋಡಾಕಿಲ್ಲ!" ಎಂದು ಕೂಗಿದರು.

"ತಲೆ ನೆನೀತಾ?" ಪುಟ್ಟಿ ಕೇಳಿದಳು.

"ನೆನೀತು."

"ಮೂಗು?"

"ಮೂಗೂ ನೆನೀತು."

 ಆಮೇಲೆ, ಮಳೆಯ ಸದ್ದಿನಲ್ಲಿ ಕೇಳಿಸಲೋ ಬೇಡವೋ ಎನ್ನುವ ಹಾಗೆ, ಕೇಳಿದಳು.

"ಉಸ್ರು ಬತ್ತದಾ?"

ದೀಪಾವಳಿಯಿಂದ ಇಲ್ಲಿಯವರೆಗೆ ನಾವು ಅವಳನ್ನು ಏನೇನೋ ಕೇಳಿದ್ದೆವು, ಇದೊಂದನ್ನು ಕೇಳಿರಲಿಲ್ಲ. ನಾನು ಬಾಯಿ ತೆರೆದು, ಅವಳಿಗೆ ಕಾಣುವ ಹಾಗೆ, ಎದೆ ತುಂಬ ಉಸಿರೆಳೆದು ಬಿಟ್ಟೆ. "ಬತ್ತದೆ ಮರಿ. ನೋಡು. ಬತ್ತಾನೇ ಇದೆ."

ಅವಳು ಎರಡೂ ಕೈಯಲ್ಲಿ ಕಂಬ ಹಿಡಿದಳು. ಕಾಲನ್ನು ಜಗಲಿಯಿಂದ ಕದಲಿಸಲಿಲ್ಲ. ಕಣ್ಣು ಮುಚ್ಚಿ, ಕತ್ತು ಮಾತ್ರ ಮುಂದೆ ಚಾಚಿ, ತಲೆಯನ್ನು ಮಳೆಗೆ ಕೊಟ್ಟಳು. ಹಣೆಯ ಮೇಲಿನ ಕೂದಲು ಅಂಟಿಕೊಂಡಿತು, ರೆಪ್ಪೆಯಿಂದ ನೀರು ಇಳಿಯಿತು. ಬಾಯಿ ತೆರೆದುಕೊಂಡು ಹಾ, ಹಾ ಎಂದು ಜೋರಾಗಿ ಉಸಿರಾಡುತ್ತಾ, ಪ್ರತಿ ಉಸಿರೂ ಬಂತೇ ಎಂದು ತಾನೇ ನೋಡಿಕೊಳ್ಳುತ್ತಾ, ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳದೆ ನಿಂತಳು. ನಾನು ಭೇಷ್ ಎನ್ನಲಿಲ್ಲ, ಹತ್ತಿರವೂ ಹೋಗಲಿಲ್ಲ. ಇದ್ದಲ್ಲೇ ನೆನೆಯುತ್ತಾ, ಅವಳ ಉಸಿರಿಗೆ ಸರಿಯಾಗಿ ನಾನೂ ಉಸಿರಾಡಿದೆ.